ಲೆಕ್ಕ ಸರಿ ಇರುತ್ತದೆ, ಹೆಸರೇ ಇರುವುದಿಲ್ಲ: ಪುಣೆಯ ಮಾಜಿ ಸೈನಿಕರು ಮತ್ತು ಆಡಿಟ್

2025ರ ಅಕ್ಟೋಬರ್‌ನಲ್ಲಿ ರಕ್ಷಣಾ ಸಚಿವಾಲಯ ಮಾಜಿ ಸೈನಿಕರಿಗೆ ಕೊಡುವ ಮೂರು ನೆರವುಗಳನ್ನು ಒಂದೇ ಸಲಕ್ಕೆ ದುಪ್ಪಟ್ಟು ಮಾಡಿತು. ಪಿಂಚಣಿ ಇಲ್ಲದ, ವಯಸ್ಸು 65 ದಾಟಿದ, ಬೇರೆ ಖಾಯಂ ಆದಾಯವೂ ಇಲ್ಲದ ಮಾಜಿ ಸೈನಿಕರು ಮತ್ತು ಅವರ ವಿಧವೆಯರಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತಿತ್ತು. ಅದು 8,000 ಆಯಿತು. ಮಕ್ಕಳ ಓದಿಗೆ ತಿಂಗಳಿಗೆ 1,000 ಇದ್ದದ್ದು 2,000 ಆಯಿತು. ಮಗಳ ಮದುವೆಗೆ 50,000 ಇದ್ದದ್ದು ಒಂದು ಲಕ್ಷವಾಯಿತು. ನವೆಂಬರ್ 1ರಿಂದ ಹಾಕಿದ ಅರ್ಜಿಗಳಿಗೆ ಈ ಹೊಸ ದರ. ಇದಕ್ಕೆ ವರ್ಷಕ್ಕೆ ಸುಮಾರು 257 ಕೋಟಿ ರೂಪಾಯಿ ಬೇಕು, ಅದು ಸಶಸ್ತ್ರ ಪಡೆಗಳ ಧ್ವಜ ದಿನದ ನಿಧಿಯಿಂದ ಬರುತ್ತದೆ ಎಂದು ಸಚಿವಾಲಯ ಹೇಳಿತು.

ಒಳ್ಳೆಯ ಸುದ್ದಿಯೇ. ಪುಣೆಯ ಕನ್ನಡದವರ ವಾಟ್ಸಾಪ್ ಗುಂಪುಗಳಲ್ಲೂ ಓಡಾಡಿತು, ಜೈ ಜವಾನ್ ಅಂತ ಎಲ್ಲರೂ ಮುಂದಕ್ಕೆ ಕಳಿಸಿದರು. ಅದರಲ್ಲಿ ಯಾರೂ ಬರೆಯದ ಒಂದು ಸಂಗತಿ ಇದೆ. ದುಡ್ಡು ದೆಹಲಿಯಿಂದ ನೇರ ಖಾತೆಗೆ ಬರುತ್ತದೆ, ನಿಜ. ಆದರೆ ಅದಕ್ಕೆ ಹಾಕುವ ಅರ್ಜಿ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮೇಜಿನ ಮೇಲೆ ಹಾದೇ ಹೋಗಬೇಕು. ಮೂಲ ಕಾಗದ ಅಲ್ಲೇ ಪರಿಶೀಲನೆ ಆಗಬೇಕು, ಅಲ್ಲಿಂದ ರಾಜ್ಯದ ಕಚೇರಿಗೆ, ಆಮೇಲೆ ದೆಹಲಿಯ ಕೇಂದ್ರೀಯ ಸೈನಿಕ ಮಂಡಳಿಗೆ. ಆ ಮೊದಲ ಮೇಜು ರಾಜ್ಯ ಸರ್ಕಾರದ್ದು. ಮೊತ್ತ ಎರಡರಷ್ಟಾದ ದಿನ ಆ ಮೇಜಿನ ಹಿಂದೆ ಕೂರುವವರ ಸಂಖ್ಯೆ ಎರಡರಷ್ಟಾಗಲಿಲ್ಲ.

ಹೀಗಾಗಿ ಮಾಜಿ ಸೈನಿಕರ ಸೇವೆಗಳ ಆಡಿಟ್ ಅಂದಾಗ ನನಗೆ ಮೊದಲು ಕಾಣುವುದು ರಾಜ್ಯದ ಈ ಪುಟ್ಟ ಕಚೇರಿ. ಆಡಿಟ್ ಆದ ಮೇಲೆ ಸುಧಾರಣೆ ಮಾಡುತ್ತೇವೆ ಅಂತ ಎಲ್ಲ ಸರ್ಕಾರಗಳೂ ಹೇಳುತ್ತವೆ. ಯಾವುದನ್ನು ಸುಧಾರಿಸಬೇಕು ಅನ್ನುವುದು ಆಡಿಟ್ ಯಾವುದನ್ನು ನೋಡಿತು ಅನ್ನುವುದರ ಮೇಲೆ ನಿಂತಿದೆ. ನಮ್ಮ ಆಡಿಟ್‌ಗಳು ಹಣದ ವಹಿಯಿಂದ ಶುರುವಾಗುತ್ತವೆ. ಹೆಸರಿನ ವಹಿಯಿಂದ ಶುರುವಾಗಬೇಕು ಅನ್ನುವುದು ನನ್ನ ವಾದ.

ಯಾವ ಬಾಗಿಲು ಯಾರದು

ಸಾಮಾನ್ಯವಾಗಿ ಜನ ಎಲ್ಲವನ್ನೂ ಒಟ್ಟಿಗೆ 'ಮಿಲ್ಟ್ರಿಯವರು ಕೊಡುತ್ತಾರೆ' ಅಂದುಬಿಡುತ್ತಾರೆ. ಹಾಗಿಲ್ಲ. ಪಿಂಚಣಿ ಕೇಂದ್ರದ್ದು. ಈಗ 'ಸ್ಪರ್ಶ್' ಎಂಬ ಆನ್‌ಲೈನ್ ವ್ಯವಸ್ಥೆಯ ಮೂಲಕ ಪ್ರಯಾಗ್‌ರಾಜ್‌ನ ರಕ್ಷಣಾ ಲೆಕ್ಕಪತ್ರ ಕಚೇರಿ ಅದನ್ನು ನೋಡಿಕೊಳ್ಳುತ್ತದೆ. ಔಷಧೋಪಚಾರಕ್ಕೆ ಇಸಿಎಚ್‌ಎಸ್ ಎಂಬ ಮಾಜಿ ಸೈನಿಕರ ಆರೋಗ್ಯ ಯೋಜನೆ ಇದೆ, 2003ರ ಏಪ್ರಿಲ್ 1ರಂದು ಶುರುವಾದದ್ದು, ಅದೂ ಕೇಂದ್ರದ್ದೇ. ಕ್ಯಾಂಟೀನ್ ಕೂಡ ಹಾಗೇ.

ರಾಜ್ಯದ ಪಾಲಿಗೆ ಉಳಿಯುವುದು ಏನು? ಮಾಜಿ ಸೈನಿಕರ ನೋಂದಣಿ, ಗುರುತಿನ ಚೀಟಿ, ಅವಲಂಬಿತರ ಪ್ರಮಾಣಪತ್ರ, ಮಕ್ಕಳ ಹಾಸ್ಟೆಲ್, ರಾಜ್ಯದ ಸ್ವಂತ ನೆರವುಗಳು, ಸರ್ಕಾರಿ ನೌಕರಿಯ ಮೀಸಲಾತಿಗೆ ಬೇಕಾದ ಕಾಗದ, ಜಮೀನು ತಂಟೆಯಲ್ಲಿ ಜಿಲ್ಲಾಧಿಕಾರಿಗೆ ಒಂದು ಪತ್ರ, ದೆಹಲಿಗೆ ಹೋಗಬೇಕಾದ ಅರ್ಜಿಯ ಶಿಫಾರಸು. ಕೇಳಲು ಚಿಲ್ಲರೆ ಕೆಲಸದಂತೆ ಕಾಣುತ್ತದೆ. ಆದರೆ ಪಿಂಚಣಿ ಸರಿಯಾಗಿ ಬರುತ್ತಿರುವವರಿಗೆ ಈ ಕಚೇರಿಯ ಗರಜು ಕಡಿಮೆ. ಪಿಂಚಣಿ ಇಲ್ಲದವರಿಗೆ, ಗಂಡ ತೀರಿಕೊಂಡ ಮೇಲೆ ಕಾಗದ ಹಿಡಿದು ನಿಂತ ಹೆಂಗಸರಿಗೆ ಇದೊಂದೇ ಬಾಗಿಲು.

ಮಹಾರಾಷ್ಟ್ರದಲ್ಲಿ ಸೈನಿಕ ಕಲ್ಯಾಣ ಇಲಾಖೆಯ ಸಂಚಾಲನಾಲಯ ಇರುವುದು ಮುಂಬೈಯಲ್ಲಲ್ಲ, ಪುಣೆಯಲ್ಲೇ. ಘೋರ್ಪಡಿಯಲ್ಲಿ ಯುದ್ಧ ಸ್ಮಾರಕದ ಎದುರಿನ 'ರಾಯಗಡ' ಕಟ್ಟಡ. ಅದು ಸಹಜ. ದಕ್ಷಿಣ ಕಮಾಂಡಿನ ಮುಖ್ಯ ಕಚೇರಿ, ಕಮಾಂಡ್ ಆಸ್ಪತ್ರೆ, ಕೃತಕ ಅಂಗ ಕೇಂದ್ರ, ಖಡಕಿಯಲ್ಲಿ ಸೈನ್ಯದ ಎಂಜಿನಿಯರ್ ದಳವಾದ ಬಾಂಬೆ ಸ್ಯಾಪರ್ಸ್, ಬೆನ್ನುಹುರಿಗೆ ಪೆಟ್ಟಾದ ಯೋಧರ ಪುನರ್ವಸತಿ ಕೇಂದ್ರ ಎಲ್ಲ ಇಲ್ಲೇ ಇವೆ. ಹೀಗಾಗಿ ನಿವೃತ್ತರಾದ ಮೇಲೆ ಇಲ್ಲೇ ಉಳಿಯುವವರು ಜಾಸ್ತಿ. ದಿಘಿ, ವಿಶ್ರಾಂತವಾಡಿ, ಲೋಹಗಾಂವ್, ವಾನವಡಿ, ದೇಹೂರೋಡ್ ಸುತ್ತ ಅವರ ಮನೆಗಳಿವೆ. ಅವರಲ್ಲಿ ನಮ್ಮ ಕಡೆಯವರೂ ಇದ್ದಾರೆ. ಮರಾಠಾ ಲೈಟ್ ಇನ್‌ಫ್ಯಾಂಟ್ರಿಯ ಸೆಂಟರ್ ಬೆಳಗಾವಿಯಲ್ಲಿದೆ. ಹೆಸರು ಮರಾಠಾ ಆದರೂ ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಹುಡುಗರಿಗೆ ಅದು ತಲೆತಲಾಂತರದಿಂದ ಗೊತ್ತಿರುವ ದಾರಿ.

ಈ ಜಿಲ್ಲಾ ಕಚೇರಿಗಳ ಖರ್ಚಿನಲ್ಲಿ ಕೇಂದ್ರ ಶೇ 60 ಕೊಡುತ್ತದೆ, ರಾಜ್ಯ ಶೇ 40. ಈಶಾನ್ಯ ರಾಜ್ಯಗಳು, ಹಿಮಾಚಲ, ಉತ್ತರಾಖಂಡದಂಥ ಕಡೆ ಕೇಂದ್ರದ ಪಾಲು ಶೇ 75. ಜಿಲ್ಲಾ ಸೈನಿಕ ಮಂಡಳಿಗೆ ಜಿಲ್ಲಾಧಿಕಾರಿ ಅಧ್ಯಕ್ಷರು. ದೇಶದಲ್ಲಿ ಇಂಥ ಕಚೇರಿಗಳು 400ಕ್ಕೂ ಹೆಚ್ಚು. ದುಡ್ಡು ಇಬ್ಬರದು, ಸಿಬ್ಬಂದಿ ಒಬ್ಬರದು, ಯೋಜನೆ ಇನ್ನೊಬ್ಬರದು. ಇಂಥ ಕಡೆ ತಪ್ಪು ಯಾರದು ಅಂತ ಹುಡುಕುವುದು ಕಷ್ಟ. ಆಡಿಟ್‌ಗೂ ಕಷ್ಟವೇ. ಸರ್ಕಾರಗಳ ಲೆಕ್ಕ ತಪಾಸಣೆ ಮಾಡುವ ಸಿಎಜಿ ಸಂಸ್ಥೆ ಒಂದೇ. ಆದರೆ ಕೇಂದ್ರದ ವರದಿ ಸಂಸತ್ತಿಗೆ ಹೋಗುತ್ತದೆ, ರಾಜ್ಯದ ವರದಿ ವಿಧಾನಮಂಡಲಕ್ಕೆ ಹೋಗುತ್ತದೆ. ಒಬ್ಬ ಮಾಜಿ ಸೈನಿಕನ ಪಿಂಚಣಿ, ಔಷಧ, ಗುರುತಿನ ಚೀಟಿ, ಮಗಳ ಮದುವೆಯ ನೆರವು ಇವನ್ನೆಲ್ಲ ಒಟ್ಟಿಗೆ ನೋಡುವ ವರದಿ ಯಾವ ಸದನಕ್ಕೂ ಹೋಗುವುದಿಲ್ಲ.

ಆಡಿಟ್ ಕಣ್ಣಿಗೆ ಬೀಳುವುದು, ಬೀಳದ್ದು

ಆಡಿಟ್‌ನಿಂದ ಪ್ರಯೋಜನವಿಲ್ಲ ಅಂತ ನಾನು ಹೇಳುತ್ತಿಲ್ಲ. 2015ರಲ್ಲಿ ಸಿಎಜಿ ಇಸಿಎಚ್‌ಎಸ್ ಮೇಲೆ ಪ್ರತ್ಯೇಕ ವರದಿಯನ್ನೇ ಕೊಟ್ಟಿತು. ಪಾಲಿಕ್ಲಿನಿಕ್‌ಗಳಲ್ಲಿ ಔಷಧದ ಕೊರತೆ, ಖಾಸಗಿ ಆಸ್ಪತ್ರೆಗಳ ಬಿಲ್ ಪಾವತಿಯಲ್ಲಿ ವಿಳಂಬ ಇವೆಲ್ಲ ಅದರಲ್ಲಿ ಬಂದವು. ಆಸ್ಪತ್ರೆಗೆ ದುಡ್ಡು ತಡವಾದರೆ ಅದು ಮಾಜಿ ಸೈನಿಕರನ್ನು ಸೇರಿಸಿಕೊಳ್ಳಲು ಹಿಂದೆಮುಂದೆ ನೋಡುತ್ತದೆ. ಕೌಂಟರಿನಲ್ಲಿ ಕಾರ್ಡ್ ತೋರಿಸಿದಾಗ 'ಬೆಡ್ ಇಲ್ಲ' ಅಂತ ಕೇಳಿಸಿಕೊಂಡವರಿಗೆ ಆ ಬೆಡ್ ಎಲ್ಲಿ ಹೋಯಿತು ಅಂತ ಆ ವರದಿ ಓದಿದರೆ ತಿಳಿಯುತ್ತದೆ. ಇದು ಆಡಿಟ್ ಚೆನ್ನಾಗಿ ಮಾಡುವ ಕೆಲಸ. ಬಿಲ್ ಇತ್ತು, ತಾರೀಕು ಇತ್ತು, ತಾರೀಕುಗಳ ನಡುವಿನ ಅಂತರ ಎಣಿಸಿದರು.

ಆದರೆ ಬಿಲ್ಲೇ ಇಲ್ಲದ, ಅರ್ಜಿಯೇ ಇಲ್ಲದ ಮನುಷ್ಯನ ಗತಿ?

ಅಮೆರಿಕದಲ್ಲಿ 2014ರಲ್ಲಿ ನಡೆದದ್ದನ್ನು ಇಲ್ಲಿ ಹೇಳಬೇಕು. ಅಲ್ಲಿ ಮಾಜಿ ಸೈನಿಕರಿಗೆ ಸರ್ಕಾರದ್ದೇ ದೊಡ್ಡ ಆಸ್ಪತ್ರೆಗಳ ಜಾಲ ಇದೆ. ಅರಿಜೋನಾ ರಾಜ್ಯದ ಫೀನಿಕ್ಸ್ ಊರಿನ ಆಸ್ಪತ್ರೆ, ಹೊಸ ರೋಗಿಗಳಿಗೆ ಮೊದಲ ಭೇಟಿ ಸರಾಸರಿ 24 ದಿನದಲ್ಲಿ ಸಿಗುತ್ತಿದೆ ಎಂದು ಲೆಕ್ಕ ಕೊಟ್ಟಿತ್ತು. ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಕಚೇರಿಯವರು ಹೋಗಿ 226 ಜನರ ಕಾಗದ ತೆಗೆದು ನೋಡಿದರು. ಸರಾಸರಿ ಕಾಯುವಿಕೆ 115 ದಿನ ಇತ್ತು. ಅದಕ್ಕಿಂತ ಕೆಟ್ಟದ್ದು ಇನ್ನೊಂದು. ಸುಮಾರು 1,700 ಜನ ಭೇಟಿಗಾಗಿ ಕಾಯುತ್ತಿದ್ದರು, ಆದರೆ ಅವರ ಹೆಸರು ಅಧಿಕೃತ ಕಾಯುವ ಪಟ್ಟಿಯಲ್ಲೇ ಇರಲಿಲ್ಲ. ಯಾಕೆ ಹೀಗಾಯಿತು? 14 ದಿನದೊಳಗೆ ಭೇಟಿ ಕೊಡಬೇಕು ಅಂತ ಗುರಿ ಇಟ್ಟಿದ್ದರು, ಆ ಅಂಕಿಗೂ ಅಧಿಕಾರಿಗಳ ಬೋನಸ್ಸಿಗೂ ಗಂಟು ಹಾಕಿದ್ದರು. ಪಟ್ಟಿಗೆ ಹೆಸರು ಸೇರಿಸಿದರೆ ತಾನೇ ದಿನ ಎಣಿಕೆ ಶುರುವಾಗುವುದು? ಸೇರಿಸುವುದನ್ನೇ ತಡ ಮಾಡಿದರು. ಆ ಮೇ ತಿಂಗಳ ಕೊನೆಗೆ ಇಲಾಖೆಯ ಮುಖ್ಯಸ್ಥ ಎರಿಕ್ ಶಿನ್ಸೆಕಿ ರಾಜೀನಾಮೆ ಕೊಡಬೇಕಾಯಿತು. ಆಗಸ್ಟ್‌ನಲ್ಲಿ ಹೊಸ ಕಾನೂನು ಬಂತು.

ನಮ್ಮ ಜಿಲ್ಲಾ ಕಚೇರಿಗಳಲ್ಲಿ ಬೋನಸ್ಸೂ ಇಲ್ಲ, ಅಂಥ ಗುರಿಯೂ ಇಲ್ಲ. ಯಾರೂ ಬೇಕೂಂತ ಹೆಸರು ಮುಚ್ಚಿಡುವುದಿಲ್ಲ. ಆದರೂ ಫಲ ಮಾತ್ರ ಅದೇ. ಹೇಗೆ ಅನ್ನುವುದಕ್ಕೆ ಹತ್ತಿರದ್ದೇ ಒಂದು ಉದಾಹರಣೆ ಕೊಡುತ್ತೇನೆ.

ನಮ್ಮ ಓಣಿಯಲ್ಲಿ ಒಬ್ಬ ಕಾಕು ಇದ್ದಾರೆ. ಅವರ ಯಜಮಾನರು ಫೌಜಿನಲ್ಲಿದ್ದವರು, ಪಿಂಚಣಿಗೆ ಬೇಕಾದ 15 ವರ್ಷ ತುಂಬುವ ಮೊದಲೇ ಮನೆಗೆ ಬಂದವರು. ಆಮೇಲೆ ಭೋಸರಿಯ ಕಾರ್ಖಾನೆಯೊಂದರಲ್ಲಿ ವಾಚ್‌ಮನ್ ಆಗಿ ದುಡಿದು ತೀರಿಕೊಂಡರು. ಕಾಕುಗೆ ಪಿಂಚಣಿ ಇಲ್ಲ. ವಯಸ್ಸು ಎಪ್ಪತ್ತರ ಹತ್ತಿರ. ಅಂದರೆ ಆ ತಿಂಗಳ ನೆರವು ಇರುವುದೇ ಇಂಥವರಿಗೆ. ಯಜಮಾನರ ನೋಂದಣಿ ಕರ್ನಾಟಕದ ಒಂದು ಗಡಿ ಜಿಲ್ಲೆಯಲ್ಲಿ. ಸೈನ್ಯ ಬಿಟ್ಟಾಗ ಕೊಟ್ಟ ಡಿಸ್‌ಚಾರ್ಜ್ ಪುಸ್ತಕದಲ್ಲಿ ಹೆಂಡತಿಯ ಹೆಸರು ಗಂಗವ್ವ ಅಂತಿದೆ, ಮುಂದೆ ಏನೂ ಇಲ್ಲ. ಪುಣೆಯಲ್ಲಿ ಮಾಡಿಸಿದ ಆಧಾರ್‌ನಲ್ಲಿ ಈ ಕಡೆಯ ಪದ್ಧತಿಯಂತೆ ಗಂಗೂಬಾಯಿ, ನಡುವೆ ಗಂಡನ ಹೆಸರು, ಕೊನೆಗೆ ಅಡ್ಡಹೆಸರು. ಹುಟ್ಟಿದ ತಾರೀಕು ಎರಡರಲ್ಲೂ ಬೇರೆ. ಇಲ್ಲಿನ ಕಚೇರಿಯಲ್ಲಿ ನಾನೂ ಜೊತೆಗಿದ್ದೆ. ಗುಮಾಸ್ತ ಒಳ್ಳೆಯ ಮನುಷ್ಯ, ಕಾಕುವನ್ನು ಕೂರಿಸಿ ನೀರು ಕೊಟ್ಟ, ಪುಸ್ತಕ ತಿರುವಿ ನೋಡಿದ. "ಮಾವಶಿ, ನಿಮ್ಮ ಹೆಸರು ನಮ್ಮ ವಹಿಯಲ್ಲಿ ಇಲ್ಲ, ಅಲ್ಲಿಂದ ಟ್ರಾನ್ಸ್‌ಫರ್ ಕಾಗದ ತರಬೇಕು" ಅಂದ. ಆ ಕಡೆ ಫೋನ್ ಮಾಡಿದರೆ, "ವಿಳಾಸ ಪುಣೆದು ಐತಲ್ಲ್ರಿ, ಮೊದಲು ಹೆಸರು ಸರಿ ಮಾಡಿಸಿಕೊಂಡು ಬರ್ರಿ" ಅಂದರು. ಹೆಸರು ಸರಿಯಾಗಬೇಕಾದದ್ದು ಸೈನಿಕರ ದಾಖಲೆ ಇಡುವ ರೆಜಿಮೆಂಟಿನ ರೆಕಾರ್ಡ್ ಆಫೀಸಿನಲ್ಲಿ. ಅಲ್ಲಿಗೆ ಕಾಗದ ಹೋಗಬೇಕಾದದ್ದು ನೋಂದಣಿ ಇರುವ ಜಿಲ್ಲಾ ಕಚೇರಿಯಿಂದ.

ಕಾಕು ಇನ್ನೂ ಅರ್ಜಿ ಹಾಕಿಲ್ಲ. ಹಾಕಲು ಬಿಟ್ಟಿಲ್ಲ ಅನ್ನಬೇಕು. ನಾಳೆ ಆಡಿಟ್‌ನವರು ಆ ಎರಡೂ ಕಚೇರಿಗೆ ಬಂದು 'ಬಾಕಿ ಅರ್ಜಿ ಎಷ್ಟು' ಅಂತ ಕೇಳಿದರೆ ಉತ್ತರ 'ಇಲ್ಲ' ಎಂದೇ ಬರುತ್ತದೆ. ಅದು ಸುಳ್ಳೂ ಅಲ್ಲ.

ಎರಡೂ ಪಟ್ಟಿಯಲ್ಲಿ ಇಲ್ಲದವರು

ಈಗಿನ ಸುಧಾರಣೆಯ ಮಾತೆಲ್ಲ ಡಿಜಿಟಲ್ ಮೇಲೆ ನಿಂತಿದೆ. ಸ್ಪರ್ಶ್‌ನಲ್ಲಿ 30 ಲಕ್ಷಕ್ಕೂ ಹೆಚ್ಚು ಪಿಂಚಣಿದಾರರಿದ್ದಾರೆ. ಯಾರು ಎಲ್ಲಿದ್ದಾರೆ, ಯಾವ ಬ್ಯಾಂಕಿನಲ್ಲಿ ಹಣ ತೆಗೆಯುತ್ತಾರೆ, ಜೀವನ ಪ್ರಮಾಣಪತ್ರ ಕೊಟ್ಟರೋ ಇಲ್ಲವೋ, ಎಲ್ಲ ಅದಕ್ಕೆ ಗೊತ್ತು. ಆ ಮಾಹಿತಿಯನ್ನು ಜಿಲ್ಲಾ ಕಚೇರಿಯ ಜೊತೆ ಜೋಡಿಸಿದರೆ ಅರ್ಧ ತಂಟೆ ಮುಗಿಯುತ್ತದೆ ಅನ್ನುವವರಿದ್ದಾರೆ. ಒಪ್ಪುತ್ತೇನೆ, ಆದರೆ ಅರ್ಧ ಮಾತ್ರ. ಸ್ಪರ್ಶ್ ಇರುವುದು ಪಿಂಚಣಿ ಪಡೆಯುವವರಿಗೆ. ತಿಂಗಳ 8,000 ರೂಪಾಯಿಯ ನೆರವು ಇರುವುದು ಪಿಂಚಣಿ ಇಲ್ಲದವರಿಗೆ! ಅತ್ಯಂತ ಕಷ್ಟದಲ್ಲಿರುವವರ ಹೆಸರು ದೆಹಲಿಯ ದೊಡ್ಡ ಕಂಪ್ಯೂಟರಿನಲ್ಲಿ ಇರಲು ಕಾರಣವೇ ಇಲ್ಲ. ಅವರು ಇದ್ದರೆ ಜಿಲ್ಲಾ ಕಚೇರಿಯ ಹಳೆಯ ವಹಿಯಲ್ಲಿ ಇರಬೇಕು, ಇಲ್ಲವೇ ರೆಜಿಮೆಂಟಿನ ರೆಕಾರ್ಡ್ ಆಫೀಸಿನಲ್ಲಿ ಇರಬೇಕು.

ರೆಕಾರ್ಡ್ ಆಫೀಸಿನಲ್ಲಿ ಖಂಡಿತ ಇರುತ್ತಾರೆ. ಸೈನ್ಯ ಯಾರನ್ನು ಯಾವ ದಿನ ಬಿಟ್ಟುಕೊಟ್ಟಿತು, ಅವನ ಊರು ಯಾವುದು ಅನ್ನುವುದನ್ನು ಅಲ್ಲಿ ಬರೆದಿಡುತ್ತಾರೆ. ಈ ಕಚೇರಿಗಳು ನಮಗೆ ದೂರವೂ ಅಲ್ಲ. ಮರಾಠಾ ರೆಜಿಮೆಂಟಿನದು ಬೆಳಗಾವಿಯಲ್ಲಿ, ಬಾಂಬೆ ಸ್ಯಾಪರ್ಸ್‌ನದು ಖಡಕಿಯಲ್ಲಿ, ತೋಪಖಾನೆಯದು ನಾಸಿಕ್ ರೋಡ್‌ನಲ್ಲಿ, ಮದ್ರಾಸ್ ಸ್ಯಾಪರ್ಸ್‌ನದು ಬೆಂಗಳೂರಿನಲ್ಲಿ. ಆಡಿಟ್ ಮಾಡುವವರು ಜಿಲ್ಲಾ ಕಚೇರಿಯಲ್ಲಿ ಕೂತು ಅಲ್ಲಿನ ಫೈಲು ನೋಡುವ ಬದಲು ಉಲ್ಟಾ ಬರಲಿ. ರೆಕಾರ್ಡ್ ಆಫೀಸಿಗೆ ಹೋಗಿ, 15 ವರ್ಷ ತುಂಬದೆ ಬಿಡುಗಡೆಯಾದವರ ಪಟ್ಟಿಯಲ್ಲಿ ಒಂದು ಜಿಲ್ಲೆಯವರ ಕೆಲವು ಹೆಸರು ಆರಿಸಲಿ. ಆ ಹೆಸರುಗಳನ್ನು ಜಿಲ್ಲಾ ಕಚೇರಿಯ ವಹಿಯಲ್ಲಿ ಹುಡುಕಲಿ. ಎಷ್ಟು ಸಿಕ್ಕಿದವು? ಸಿಗದವರು ಸತ್ತರೇ, ಊರು ಬಿಟ್ಟರೇ, ನೋಂದಣಿಯನ್ನೇ ಮಾಡಿಸಲಿಲ್ಲವೇ? ಸಿಕ್ಕವರಲ್ಲಿ ಅರ್ಹರು ಎಷ್ಟು, ನೆರವು ಪಡೆಯುತ್ತಿರುವವರು ಎಷ್ಟು? ಈ ನಾಲ್ಕು ಅಂಕಿ ಬಂದರೆ ಸಾಕು, ರಾಜ್ಯದ ಸೇವೆ ಹೇಗಿದೆ ಅನ್ನುವುದು ಗೊತ್ತಾಗುತ್ತದೆ. ಬಜೆಟ್ಟಿನಲ್ಲಿ ಎಷ್ಟು ಖರ್ಚಾಯಿತು ಅನ್ನುವುದು ಆಮೇಲಿನ ಮಾತು. ಎಲ್ಲ ಅರ್ಜಿಗೂ ದುಡ್ಡು ಕೊಟ್ಟ ಕಚೇರಿಯ ಲೆಕ್ಕ ನೂರಕ್ಕೆ ನೂರು ಸರಿ ಇರಬಹುದು, ಅರ್ಜಿ ಬಂದದ್ದೇ ಹತ್ತು ಆಗಿದ್ದರೂ.

ಗಡಿ ಜಿಲ್ಲೆಗಳಿಗೆ ಇನ್ನೊಂದು ಹೆಜ್ಜೆ ಬೇಕು. ಊರು ಕರ್ನಾಟಕದಲ್ಲಿ, ಮನೆ ಪುಣೆಯಲ್ಲಿ ಇರುವವರನ್ನು ಒಂದು ರಾಜ್ಯದ ಆಡಿಟ್ ಹಿಡಿಯುವುದಿಲ್ಲ. ಕರ್ನಾಟಕದ ಸೈನಿಕ ಕಲ್ಯಾಣ ಇಲಾಖೆ ಇರುವ ಬೆಂಗಳೂರಿನ ಕಾರಿಯಪ್ಪ ಭವನದ ದಾಖಲೆಯಲ್ಲಿ ಅವರು ಇದ್ದಾರೆ, ಆದರೆ ಊರಲ್ಲಿ ಇಲ್ಲ. ಘೋರ್ಪಡಿಯ ದಾಖಲೆಗೆ ಅವರ ಗುರುತೇ ಇಲ್ಲ. ನೋಂದಣಿಯನ್ನು ಒಂದು ಜಿಲ್ಲೆಯಿಂದ ಇನ್ನೊಂದಕ್ಕೆ ವರ್ಗ ಮಾಡಿಸಬಹುದು, ನಿಯಮ ಇದೆ. ಆದರೆ ಮಾಡಿಸಿದರೆ ಊರಿನ ರಾಜ್ಯದ ಸೌಲಭ್ಯ ಹೋಗುತ್ತದೇನೋ ಅಂತ ಹೆದರಿ ಬಹಳ ಜನ ಹಾಗೇ ಬಿಡುತ್ತಾರೆ. ಆ ಹೆದರಿಕೆಗೆ ಕಾರಣ ಇದೆ, ಇಂಥ ಸೌಲಭ್ಯಗಳು ಆಯಾ ರಾಜ್ಯದ ನಿವಾಸಕ್ಕೂ ಕಾಗದಕ್ಕೂ ಗಂಟು ಬಿದ್ದಿರುತ್ತವೆ. ಮಹಾರಾಷ್ಟ್ರ 2020ರಲ್ಲಿ ಮಾಜಿ ಸೈನಿಕರ ಮನೆಗೆ ಆಸ್ತಿ ತೆರಿಗೆ ಮಾಫಿ ಮಾಡಿತು, ಬಾಳಾಸಾಹೇಬ್ ಠಾಕ್ರೆ ಹೆಸರಿನ ಯೋಜನೆ ಅದು. ಒಂದು ಮನೆಗೆ ಮಾತ್ರ, ರಾಜ್ಯದ ನಿವಾಸಿಯಾಗಿರಬೇಕು, ಜಿಲ್ಲಾ ಸೈನಿಕ ಕಲ್ಯಾಣ ಅಧಿಕಾರಿಯ ಪ್ರಮಾಣಪತ್ರ ಬೇಕು. ವಾನವಡಿಯಲ್ಲಿ ಇಪ್ಪತ್ತು ವರ್ಷದಿಂದ ಮನೆ ಕಟ್ಟಿಕೊಂಡಿರುವ ವಿಜಯಪುರದ ಸುಭೇದಾರರು ನೋಂದಣಿ ಊರಲ್ಲೇ ಇಟ್ಟುಕೊಂಡಿದ್ದರೆ ಆ ಪ್ರಮಾಣಪತ್ರ ಕೊಡುವವರು ಯಾರು?

ಗಡಿಯಾರ ಯಾವಾಗ ಶುರುವಾಗುತ್ತದೆ

ಎರಡೂ ರಾಜ್ಯಗಳಲ್ಲಿ ಸೇವಾ ಹಕ್ಕಿನ ಕಾನೂನು ಇದೆ. ಕರ್ನಾಟಕದ 'ಸಕಾಲ' 2011ರ ಕಾಯ್ದೆ. ತಡವಾದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿಯಂತೆ ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಮಹಾರಾಷ್ಟ್ರದ್ದು 2015ರ ಕಾಯ್ದೆ. ಅಲ್ಲಿ ಅಧಿಕಾರಿಗೇ 500ರಿಂದ 5,000 ರೂಪಾಯಿವರೆಗೆ ದಂಡ. ಕಾಗದದ ಮೇಲೆ ಮಹಾರಾಷ್ಟ್ರದ್ದೇ ಗಟ್ಟಿ. ಆಡಿಟ್ ಆದ ಮೇಲೆ ಯಾವ ಸರ್ಕಾರವಾದರೂ ಮಾಡುವ ಮೊದಲ ಘೋಷಣೆ ಇದೇ: ಇಂತಿಷ್ಟು ದಿನದಲ್ಲಿ ಗುರುತಿನ ಚೀಟಿ, ಇಂತಿಷ್ಟು ದಿನದಲ್ಲಿ ಪ್ರಮಾಣಪತ್ರ.

ಬೇಡ ಅನ್ನುವುದಿಲ್ಲ. ಆದರೆ ದಿನಗಳ ಎಣಿಕೆ ಶುರುವಾಗುವುದು ಎಲ್ಲ ಕಾಗದ ಇರುವ ಅರ್ಜಿ ಸ್ವೀಕಾರವಾದ ದಿನ. ಮಾಜಿ ಸೈನಿಕರ, ಅದರಲ್ಲೂ ವಿಧವೆಯರ ತಿಂಗಳುಗಳು ಕಳೆಯುವುದು ಅದಕ್ಕೂ ಮೊದಲು. ಡಿಸ್‌ಚಾರ್ಜ್ ಪುಸ್ತಕದ ಹೆಸರು ತಾಳೆಯಾಗದೆ, ಅಫಿಡವಿಟ್ ಮಾಡಿಸುತ್ತ, ಪೇಪರಿನಲ್ಲಿ ಜಾಹೀರಾತು ಕೊಡುತ್ತ, ರೆಕಾರ್ಡ್ ಆಫೀಸಿನ ಉತ್ತರ ಕಾಯುತ್ತ. ಫೀನಿಕ್ಸ್‌ನಲ್ಲಿ ಆದದ್ದೂ ಇದೇ ಜಾಗದಲ್ಲಿ ಅಲ್ವಾ? ಪಟ್ಟಿಯ ಹೊರಗಿನ ಕಾಯುವಿಕೆ ಯಾರ ಲೆಕ್ಕಕ್ಕೂ ಬರಲಿಲ್ಲ.

ಇದಕ್ಕೆ ಮದ್ದು ದೊಡ್ಡದೇನಲ್ಲ. ಮೊದಲ ಸಲ ಬಂದ ದಿನವೇ ಒಂದು ಚೀಟಿ ಕೊಡಬೇಕು. ಯಾರು ಬಂದರು, ಏನು ಕೇಳಿದರು, ಯಾವ ಕಾಗದ ಕಡಿಮೆ ಇತ್ತು, ಅದು ಯಾವ ಕಚೇರಿಯಿಂದ ಬರಬೇಕು ಅನ್ನುವುದು ಅದರಲ್ಲಿರಬೇಕು. ಅದರ ಒಂದು ಪ್ರತಿ ವಹಿಯಲ್ಲಿ ಉಳಿಯಬೇಕು. ಬರಬೇಕಾದ ಕಾಗದ ಇನ್ನೊಂದು ಸರ್ಕಾರಿ ಕಚೇರಿಯದಾದರೆ ಅದನ್ನು ತರಿಸುವ ಕೆಲಸ ಆ ಎಪ್ಪತ್ತು ವರ್ಷದ ಹೆಂಗಸಿನದಲ್ಲ, ಕಚೇರಿಯದು. ಮದುವೆಯ ನೆರವಿನಂಥ ಕಡೆ ಈ ಚೀಟಿ ಇನ್ನೂ ಮುಖ್ಯ. ಮದುವೆಯಾದ 180 ದಿನದೊಳಗೆ ಅರ್ಜಿ ಹೋಗಬೇಕು ಅನ್ನುವ ಗಡುವು ಇದೆ. ಒಂದು ಸ್ಪೆಲಿಂಗ್ ಸರಿಯಾಗುವಷ್ಟರಲ್ಲಿ ಆರು ತಿಂಗಳು ಮುಗಿದರೆ ಹೋಯಿತು, ಒಂದು ಲಕ್ಷ ಕೈಬಿಟ್ಟಂತೆ.

ಇದೆಲ್ಲ ಮಾಡಲು ಜನ ಬೇಕು. ಇಡೀ ಜಿಲ್ಲೆಗೆ ಒಬ್ಬ ಅಧಿಕಾರಿ, ಅದೂ ಸೈನ್ಯದಿಂದ ನಿವೃತ್ತರಾದವರಲ್ಲೇ ಆರಿಸುವ ಹುದ್ದೆ. ಕೆಳಗೆ ಕಲ್ಯಾಣ ಸಂಘಟಕರು, ಗುಮಾಸ್ತರು, ಅವರಲ್ಲೂ ಬಹಳ ಜನ ಮಾಜಿ ಸೈನಿಕರೇ. ಕುರ್ಚಿ ಖಾಲಿಯಾದರೆ ಪಕ್ಕದ ಜಿಲ್ಲೆಯವರಿಗೆ ಹೆಚ್ಚುವರಿ ಹೊಣೆ. ನನಗೆ ಸಿಟ್ಟು ಬರುವುದು ಆ ಗುಮಾಸ್ತನ ಮೇಲಲ್ಲ. ಆಡಿಟ್ ವರದಿಯ ಆಕ್ಷೇಪದ ಪ್ಯಾರಾಗಳಿಗೆ ಬರುವ ಉತ್ತರಗಳ ಮೇಲೆ. 'ಖಾಲಿ ಹುದ್ದೆ ಭರ್ತಿಗೆ ಕ್ರಮ ಕೈಗೊಳ್ಳಲಾಗುತ್ತಿದೆ' ಅಂತ ಒಂದು ಸಾಲು ಬರೆದರೆ ಆ ಪ್ಯಾರಾದ ಕಥೆ ಮುಗಿಯಿತು. ವಿಧಾನಮಂಡಲದ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಅಲ್ಲಿಗೇ ಬಿಡದೆ, ಯಾವ ಜಿಲ್ಲೆ, ಯಾವ ತಾರೀಕು ಅಂತ ಕೇಳಬೇಕು. ಕೇಂದ್ರವೂ ಶೇ 60 ಕೊಡುವಾಗ ಖರ್ಚಿನ ಪ್ರಮಾಣಪತ್ರದ ಜೊತೆಗೆ ಖಾಲಿ ಕುರ್ಚಿಗಳ ಪಟ್ಟಿಯನ್ನೂ ಕೇಳಬಹುದು.

ಭಾಷೆಯದೂ ಒಂದು ಮಾತು. ಗಂಡ ಫೌಜಿನಲ್ಲಿ ಹಿಂದಿ ಕಲಿತಿರುತ್ತಾನೆ, ಎಲ್ಲಿ ಹೋದರೂ ನಿಭಾಯಿಸುತ್ತಾನೆ. ಹೆಂಡತಿ ಪುಣೆಯ ಸಂತೆಯಲ್ಲಿ ಮರಾಠಿ ಮಾತಾಡಬಲ್ಲಳು, ಫಾರಂ ಓದಲಾರಳು. ಇಲ್ಲಿನ ಕನ್ನಡ ಸಂಘಗಳಲ್ಲಿ ರಾಜ್ಯೋತ್ಸವಕ್ಕೆ ಯೋಧರಿಗೆ ಶಾಲು ಹೊದಿಸುತ್ತೇವೆ. ಸುಮ್ನೆ ಹೇಳುತ್ತಿಲ್ಲ, ಒಂದು ಭಾನುವಾರ ಫಾರಂ ತುಂಬಲು ಕೂತರೆ ಶಾಲಿಗಿಂತ ಬೆಲೆ.

ನೌಕರಿಯ ವಿಷಯವನ್ನು ಚುಟುಕಾಗಿ ಮುಗಿಸುತ್ತೇನೆ, ಯಾಕೆಂದರೆ ಅಲ್ಲಿ ಗೊಂದಲ ಕಡಿಮೆ, ಕೊರತೆ ಜಾಸ್ತಿ. ಕೇಂದ್ರದ ಗ್ರೂಪ್ ಸಿ ಹುದ್ದೆಗಳಲ್ಲಿ ಮಾಜಿ ಸೈನಿಕರಿಗೆ ಶೇ 10 ಮೀಸಲು, ಬ್ಯಾಂಕು ಮತ್ತು ಸಾರ್ವಜನಿಕ ಉದ್ದಿಮೆಗಳಲ್ಲಿ ಶೇ 14.5. ರಾಜ್ಯಗಳಿಗೆ ಅವುಗಳದೇ ಪ್ರಮಾಣ. ತುಂಬುವುದು ಮೀಸಲಿಟ್ಟದ್ದಕ್ಕಿಂತ ತೀರಾ ಕಡಿಮೆ. ಮಹಾರಾಷ್ಟ್ರ ಸರ್ಕಾರ 2002ರಲ್ಲಿ ಪುಣೆಯಲ್ಲಿ 'ಮೆಸ್ಕೋ' ಎಂಬ ಮಾಜಿ ಸೈನಿಕರ ನಿಗಮ ಶುರು ಮಾಡಿತು. ಅದರ ಮೂಲಕ ಬಹಳ ಜನರಿಗೆ ಸೆಕ್ಯುರಿಟಿ ಗಾರ್ಡ್ ಕೆಲಸ ಸಿಕ್ಕಿದೆ. ಅದು ಅನ್ನದ ದಾರಿ, ಕೀಳು ಮಾಡಬಾರದು. ಆದರೆ ಸಿಗ್ನಲ್ಸ್‌ನಲ್ಲಿ ಹದಿನೇಳು ವರ್ಷ ಸಂಪರ್ಕ ಯಂತ್ರ ನಡೆಸಿದವನನ್ನು ಹೌಸಿಂಗ್ ಸೊಸೈಟಿಯ ಗೇಟಿಗೆ ನಿಲ್ಲಿಸಿ 'ಪುನರ್ವಸತಿ' ಅಂತ ಅಂಕಿಗೆ ಸೇರಿಸಿದರೆ, ಅದನ್ನು ಪ್ರಶ್ನಿಸುವುದು ಆಡಿಟ್‌ನ ಕೆಲಸ. ಎಷ್ಟು ಜನಕ್ಕೆ ಕೆಲಸ ಸಿಕ್ಕಿತು ಅಂತಷ್ಟೇ ಅಲ್ಲ, ಕಲಿತ ಕೆಲಸವೇ ಸಿಕ್ಕಿತಾ ಅಂತಲೂ ಕೇಳಬೇಕು.

ಇದಕ್ಕಿಂತ ಹತ್ತಿರದ ಗಡುವು ಬೇರೆ ಇದೆ. ಅಗ್ನಿಪಥ ಯೋಜನೆ 2022ರ ಜೂನ್‌ನಲ್ಲಿ ಘೋಷಣೆಯಾಯಿತು. ಮೊದಲ ಅಗ್ನಿವೀರರು ಆ ವರ್ಷದ ಕೊನೆಗೆ, 2023ರ ಆರಂಭಕ್ಕೆ ತರಬೇತಿಗೆ ಸೇರಿದರು. ನಾಲ್ಕು ವರ್ಷದ ಸೇವೆ ಅಂದರೆ 2026ರ ಕೊನೆಯಿಂದ ಅವರು ಹೊರಗೆ ಬರುತ್ತಾರೆ. ಯೋಜನೆಯ ಪ್ರಕಾರ ಶೇ 25ರವರೆಗೆ ಸೈನ್ಯದಲ್ಲಿ ಉಳಿಯಬಹುದು. ಉಳಿದವರು ಸುಮಾರು 11.71 ಲಕ್ಷ ರೂಪಾಯಿಯ ಸೇವಾ ನಿಧಿ ತೆಗೆದುಕೊಂಡು ಮನೆಗೆ. ಪಿಂಚಣಿ ಇಲ್ಲ, ಇಸಿಎಚ್‌ಎಸ್ ಇಲ್ಲ, ಕ್ಯಾಂಟೀನ್ ಇಲ್ಲ. ಮಾಜಿ ಸೈನಿಕ ಅನ್ನುವ ದರ್ಜೆಯೂ ಇಲ್ಲ ಅಂತ ನೇಮಕಾತಿಯ ಷರತ್ತಿನಲ್ಲೇ ಬರೆದಿದ್ದಾರೆ. ಆ ದರ್ಜೆ ಇಲ್ಲ ಅಂದರೆ ಜಿಲ್ಲಾ ಸೈನಿಕ ಕಚೇರಿಯ ವಹಿಯಲ್ಲಿ ಅವರಿಗೆ ಕಾಲಮ್ಮೇ ಇಲ್ಲ. ಆ ಷರತ್ತು ಸರಿಯೋ ತಪ್ಪೋ ಅನ್ನುವ ಜಗಳ ದೆಹಲಿಯಲ್ಲಿ ನಡೆಯಲಿ.

ಬೆಳಗಾವಿ, ಬಾಗಲಕೋಟೆಯ ಹುಡುಗರು ಆ ನಿಧಿ ಹಿಡಿದು ಊರಿಗೆ ಹೋಗಿ, ಕೆಲವು ತಿಂಗಳಾದ ಮೇಲೆ ಕೆಲಸ ಹುಡುಕಿಕೊಂಡು ಚಾಕಣ್‌ಗೋ ಭೋಸರಿಗೋ ಬರುತ್ತಾರೆ, ಅವರ ಕಾಕಾಗಳು ಬಂದಂತೆಯೇ. ಅವರ ಹೆಸರು, ಊರು, ಕಲಿತ ಟ್ರೇಡ್, ಫೋನ್ ನಂಬರ್ ಬರೆದಿಡಲು ರಾಜ್ಯ ಸರ್ಕಾರಕ್ಕೆ ಕೇಂದ್ರದ ಅಪ್ಪಣೆ ಬೇಕಿಲ್ಲ. ಜಿಲ್ಲಾಧಿಕಾರಿಗಳಿಗೆ ಒಂದು ಸುತ್ತೋಲೆ ಸಾಕು. ಮುಂಬೈಯಿಂದ ಒಂದು, ಬೆಂಗಳೂರಿನಿಂದ ಒಂದು. ಎರಡರಲ್ಲೂ ಒಂದೇ ನಮೂನೆ ಇದ್ದರೆ ವಹಿ ಗಡಿ ದಾಟುವಾಗ ಹೆಸರು ಬದಲಾಗುವುದಿಲ್ಲ.